ಪ್ಯಾಟರ್ನ್ ಇಟ್ಟುಕೊಂಡು ಮೊದಲ ಕುರ್ತಾ ಹೊಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಲಿಗೆ ಯಂತ್ರದಲ್ಲಿ ನೇರವಾಗಿ ಹೊಲಿಯಲು ಬರುತ್ತದೆ, ದಿಂಬಿನ ಕವರನ್ನೋ ಚೀಲವನ್ನೋ ಹೊಲಿದಾಗಿದೆ, ಆದರೆ ಮೈಗೆ ತೊಡುವ ಬಟ್ಟೆಯೊಂದನ್ನು ಇದುವರೆಗೆ ಕತ್ತರಿಸಿಲ್ಲ ಎನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೋತ್ತರಗಳನ್ನು ಸಿದ್ಧಪಡಿಸಲಾಗಿದೆ. ಉದಾಹರಣೆಗೆ ಆರಿಸಿಕೊಂಡಿರುವುದು ದುಂಡು ಕತ್ತಿನ, ಮೊಣಕೈವರೆಗಿನ ತೋಳಿನ, ಎರಡೂ ಪಕ್ಕದಲ್ಲಿ ಸ್ಲಿಟ್ ಇರುವ ಹತ್ತಿಯ ನೇರ ಕುರ್ತಾ. ಹೊಸಬರ ತೊಂದರೆಗಳಲ್ಲಿ ಹೆಚ್ಚಿನವು ಯಂತ್ರದ ಮುಂದೆ ಕುಳಿತಾಗ ಕಾಣಿಸಿಕೊಂಡರೂ ಅವುಗಳ ಮೂಲ ಇರುವುದು ಟೇಪು, ಕಾಗದ ಮತ್ತು ಕತ್ತರಿಯ ಹಂತದಲ್ಲಿ. ಆದ್ದರಿಂದ ಇಲ್ಲಿ ಯಂತ್ರಕ್ಕಿಂತ ಕಾಗದದ ಮಾತೇ, ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸಲು ಉಡುಪಿನ ಪ್ರತಿ ತುಂಡಿನ ಆಕಾರವನ್ನು ಬರೆದ ಪ್ಯಾಟರ್ನ್‌ನ ಮಾತೇ ಹೆಚ್ಚು.

ನಮ್ಮಲ್ಲಿ ಎಲ್ಲರೂ ರವಿಕೆಯಿಂದಲೇ ಕಲಿಯುತ್ತಾರೆ. ನಾನು ಕುರ್ತಾದಿಂದ ಏಕೆ ಆರಂಭಿಸಬೇಕು?

ಹೊಲಿಗೆ ತರಗತಿಗಳಲ್ಲಿ ಮಗುವಿನ ಫ್ರಾಕು, ಲಂಗ ಮುಗಿಯುತ್ತಿದ್ದಂತೆ ರವಿಕೆಗೆ ಹೋಗುವುದಕ್ಕೆ ಒಂದು ಕಾರಣವಿದೆ: ಹೊಲಿದು ನಾಲ್ಕು ಕಾಸು ದುಡಿಯಬೇಕೆನ್ನುವವರಿಗೆ ಊರಿನಲ್ಲಿ ವರ್ಷವಿಡೀ ಸಿಗುವ ಕೆಲಸ ಅದು. ತನಗಾಗಿ ಹೊಲಿದುಕೊಳ್ಳುವವರಿಗೆ ಆ ಕಾರಣ ಅನ್ವಯಿಸುವುದಿಲ್ಲ. ರವಿಕೆ ಮೈಗೆ ಅಂಟಿದಂತೆ ಕೂರಬೇಕಾದ ಉಡುಪು; ಎದೆಯ ಸುತ್ತ ಟಕ್ಸ್‌ಗಳು (ಆಕಾರ ಬರಲೆಂದು ಹೊಲಿಯುವ ಮಡಿಕೆಗಳು), ಹುಕ್ಕಿನ ಪಟ್ಟಿ, ಸೊಂಟದ ಪಟ್ಟಿ, ಒಳಗೆ ಲೈನಿಂಗ್, ಇವೆಲ್ಲ ಒಂದೇ ಸಲಕ್ಕೆ ಎದುರಾಗುತ್ತವೆ, ಕಾಲು ಇಂಚು ಆಚೀಚೆಯಾದರೂ ಸುಕ್ಕು ಕಣ್ಣಿಗೆ ಹೊಡೆಯುತ್ತದೆ. ನೇರ ಕುರ್ತಾದಲ್ಲಿ ಎದೆಯ ಸುತ್ತ ಮೂರು ನಾಲ್ಕು ಇಂಚು ಸಡಿಲವಿರುವುದರಿಂದ ಅಷ್ಟು ತಪ್ಪು ಒಳಗೇ ಅಡಗುತ್ತದೆ. ಹಾಗಿದ್ದೂ ಭುಜ, ಕತ್ತು, ತೋಳು, ಅಂಚು ಎಂಬ ನಾಲ್ಕು ಮುಖ್ಯ ಪಾಠಗಳೂ ಅದರಲ್ಲಿವೆ.

ಟೈಲರ್‌ಗಳು ಪ್ಯಾಟರ್ನ್ ಇಲ್ಲದೆಯೇ ನೇರವಾಗಿ ಬಟ್ಟೆಯ ಮೇಲೆ ಗೆರೆ ಎಳೆದು ಕತ್ತರಿಸುತ್ತಾರಲ್ಲ?

ಅವರ ಪ್ಯಾಟರ್ನ್ ತಲೆಯಲ್ಲಿರುತ್ತದೆ. ಎದೆಯ ಸುತ್ತಳತೆಯ ನಾಲ್ಕನೆಯ ಒಂದು ಭಾಗಕ್ಕೆ ಇಷ್ಟು ಸೇರಿಸಬೇಕು, ಆರ್ಮ್‌ಹೋಲ್ (ತೋಳು ಜೋಡಿಸುವ ಸುತ್ತು) ಇಷ್ಟು ಇಳಿಯಬೇಕು ಎಂಬ ಲೆಕ್ಕ ವರ್ಷಗಳ ಅಭ್ಯಾಸದಿಂದ ಕೈಗೆ ಬಂದಿರುತ್ತದೆ. ಹೊಲಿಗೆ ತರಗತಿಯಲ್ಲಿ ಪೇಪರ್ ಕಟಿಂಗ್ ಎಂದು ಕಲಿಸುವುದೂ ಇದೇ ಲೆಕ್ಕವನ್ನೇ. ಸಿದ್ಧ ಪ್ಯಾಟರ್ನ್ ಕೊಳ್ಳುವವರು ಆ ಲೆಕ್ಕವನ್ನು ಬೇರೊಬ್ಬರು ಮಾಡಿಟ್ಟ ರೂಪದಲ್ಲಿ ಪಡೆಯುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಎಬೆನೆಜರ್ ಬಟರಿಕ್ ಎಂಬ ದರ್ಜಿ 1863ರಲ್ಲಿ ಬೇರೆ ಬೇರೆ ಸೈಜುಗಳ ಕಾಗದದ ಪ್ಯಾಟರ್ನ್ ಮಾರಲು ಆರಂಭಿಸಿದ ಮೇಲೆ ಮನೆಯಲ್ಲಿ ಹೊಲಿಯುವವರಿಗೆ ಈ ದಾರಿ ತೆರೆಯಿತು. ಎರಡೂ ದಾರಿಗಳಿಗೆ ಅವುಗಳದೇ ಆದ ಮರ್ಯಾದೆಯಿದೆ. ಆದರೆ ಪ್ಯಾಟರ್ನ್ ಹಿಡಿದು ನಾಲ್ಕು ಉಡುಪು ಹೊಲಿದವರಿಗೆ ಆಮೇಲೆ ಪೇಪರ್ ಕಟಿಂಗ್‌ನ ಸೂತ್ರಗಳು ಸುಲಭವಾಗಿ ಅರ್ಥವಾಗುತ್ತವೆ ಎಂಬುದು ನನ್ನ ಅನಿಸಿಕೆ, ಏಕೆಂದರೆ ಯಾವ ಗೆರೆ ಮೈಯ ಯಾವ ಭಾಗದ ಮೇಲೆ ಕೂರುತ್ತದೆಂದು ಅಷ್ಟರಲ್ಲಿ ಕಣ್ಣಾರೆ ನೋಡಿರುತ್ತಾರೆ.

ಅಳತೆ ಬಟ್ಟೆಯೊಂದು ಇದ್ದರೆ ಸಾಲದೆ? ಅದನ್ನೇ ಹಾಸಿ ಸುತ್ತ ಗೆರೆ ಎಳೆದರೆ ಆಯಿತಲ್ಲ?

ದರ್ಜಿಗೆ ಅಳತೆ ಬಟ್ಟೆ ಕೊಟ್ಟು ಬರುವ ನಮ್ಮ ಅಭ್ಯಾಸದಿಂದ ಈ ಪ್ರಶ್ನೆ ಹುಟ್ಟುತ್ತದೆ. ದರ್ಜಿ ಅದರಿಂದ ಅಳತೆಗಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಆಕಾರವನ್ನಲ್ಲ. ಹೊಲಿದ ಉಡುಪನ್ನು ನೆಲದ ಮೇಲೆ ಹಾಸಿದಾಗ ಮುಂಭಾಗ, ಹಿಂಭಾಗ ಎರಡೂ ಒಂದರ ಮೇಲೊಂದು ಕೂತು ಒಂದೇ ಎಂಬಂತೆ ಕಾಣುತ್ತವೆ, ಆದರೆ ಮುಂದಿನ ಆರ್ಮ್‌ಹೋಲ್ ಹಿಂದಿನದಕ್ಕಿಂತ ಹೆಚ್ಚು ಒಳಕ್ಕೆ ಕೊರೆದಿರುತ್ತದೆ, ಕತ್ತಿನ ಆಳ ಬೇರೆಯಾಗಿರುತ್ತದೆ, ತೋಳಿನ ಮೇಲ್ಭಾಗದ ಬಾಗಂತೂ ಹಾಸಿದ ಸ್ಥಿತಿಯಲ್ಲಿ ಕಾಣುವುದೇ ಇಲ್ಲ. ಒಗೆದು ಒಗೆದು ಹಿಗ್ಗಿದ ಬಟ್ಟೆಯಾಗಿದ್ದರೆ ಆ ಹಿಗ್ಗೂ ಹೊಸ ಬಟ್ಟೆಗೆ ಬರುತ್ತದೆ. ನಿಮಗೆ ಚೆನ್ನಾಗಿ ಕೂರುವ ಕುರ್ತಾವನ್ನು ಬಿಸಾಡಬೇಡಿ. ಪ್ಯಾಟರ್ನ್‌ನ ಎದೆ ಅಗಲ, ಭುಜದ ಅಗಲ, ಉದ್ದಗಳನ್ನು ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಸಿಗದು.

ಅಂಗಡಿಯಲ್ಲಿ ಎಂ ಸೈಜ್ ತೊಡುತ್ತೇನೆ. ಪ್ಯಾಟರ್ನ್‌ನಲ್ಲಿ ಯಾವ ಸೈಜ್ ಆರಿಸಬೇಕು?

ಅಂಗಡಿಯ ಸೈಜನ್ನು ಮರೆತು ಟೇಪು ಹಿಡಿಯಬೇಕು. ಪ್ಯಾಟರ್ನ್ ಕಂಪನಿಗಳ ಸಂಖ್ಯೆಗಳಿಗೂ ಸಿದ್ಧ ಉಡುಪಿನ ಸಂಖ್ಯೆಗಳಿಗೂ ಸಂಬಂಧವಿಲ್ಲ. ಸಿಂಪ್ಲಿಸಿಟಿ, ಮೆಕಾಲ್ಸ್, ಬಟರಿಕ್, ವೋಗ್ ಮುಂತಾದ ಅಮೆರಿಕದ ಹಳೆಯ ಹೆಸರುಗಳಲ್ಲಿ 34 ಇಂಚು ಎದೆ ಸುತ್ತಳತೆಯವರ ಸೈಜ್ 12, 36 ಇಂಚಿನವರದು 14. ವಿದೇಶದಲ್ಲಿ ನೆಲೆಸಿ ಅಲ್ಲಿಯೇ ಪ್ಯಾಟರ್ನ್ ಕೊಳ್ಳುವ ಕನ್ನಡಿಗರು ಅಂಗಡಿಯ ಉಡುಪಿನ ಸಂಖ್ಯೆಯನ್ನೇ ನಂಬಿ ಆರಿಸಿದರೆ ಬಹುಮಟ್ಟಿಗೆ ಬಿಗಿಯಾದ ಉಡುಪೇ ಕೈಗೆ ಬರುತ್ತದೆ.

ಅಳತೆಯನ್ನು ದಿನವೂ ತೊಡುವ ಒಳಉಡುಪಿನ ಮೇಲೆ, ಬೇರೊಬ್ಬರ ಕೈಯಿಂದ ತೆಗೆಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ತಾನೇ ಅಳೆದುಕೊಳ್ಳಲು ಬಗ್ಗಿದಾಗ ಅಳತೆ ಬದಲಾಗುತ್ತದೆ. ಟೇಪು ಬೆನ್ನಿನ ಕಡೆ ಜಾರದೆ ನೆಲಕ್ಕೆ ಸಮನಾಗಿರಬೇಕು, ಬಿಗಿಯಲೂ ಬಾರದು, ತೂಗಲೂ ಬಾರದು. ಬಹಳ ಹಳೆಯ ಬಟ್ಟೆಯ ಟೇಪು ಎಳೆದು ಉದ್ದವಾಗಿರುವುದುಂಟು. ಗಟ್ಟಿಯಾದ ಸ್ಕೇಲಿನ ಪಕ್ಕ ಇಟ್ಟು ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ಪ್ಯಾಟರ್ನ್‌ನ ಮೇಲೆ ಎರಡು ಬಗೆಯ ಅಳತೆಗಳು ಮುದ್ರಿತವಾಗಿರುತ್ತವೆ. ಒಂದು ಮೈಯ ಅಳತೆ, ಇನ್ನೊಂದು ಹೊಲಿದು ಮುಗಿದ ಉಡುಪಿನ ಅಳತೆ. ಮೈಯ ಎದೆ 36 ಇಂಚು, ಮುಗಿದ ಉಡುಪಿನ ಎದೆ 40 ಇಂಚು ಎಂದಿದ್ದರೆ ನಡುವಿನ 4 ಇಂಚು ಉಸಿರಾಡಲು, ಕೈ ಚಾಚಲು ಬಿಟ್ಟ ಸಡಿಲ. ನಮ್ಮ ಟೈಲರ್‌ಗಳು ಲೂಸ್ ಎನ್ನುವುದು ಇದನ್ನೇ. ಸೈಜನ್ನು ಮೈಯ ಅಳತೆಯಿಂದ ಆರಿಸಿ, ಸಡಿಲ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಮುಗಿದ ಅಳತೆಯಿಂದ ತೀರ್ಮಾನಿಸಬೇಕು. ಹಿಗ್ಗದ ಹತ್ತಿಬಟ್ಟೆಯಲ್ಲಿ ತೋಳಿರುವ ಕುರ್ತಾಕ್ಕೆ 2 ಇಂಚಿಗಿಂತ ಕಡಿಮೆ ಸಡಿಲ ಇದ್ದರೆ ಸ್ಕೂಟರಿನ ಹ್ಯಾಂಡಲ್ ಹಿಡಿಯುವಾಗ ಬೆನ್ನು ಎಳೆಯುತ್ತದೆ.

ಇನ್ನೊಂದು ಸಂಗತಿಯನ್ನು ಹೆಂಗಸರು ಗಮನಿಸಬೇಕು. ಮೇಲೆ ಹೇಳಿದ ಕಂಪನಿಗಳು ಸಾಮಾನ್ಯವಾಗಿ ಕಂಕುಳಿನಡಿ ಎದೆಯ ಮೇಲ್ಭಾಗದಲ್ಲಿ ಹಾದುಹೋಗುವ ಸುತ್ತಳತೆಗೂ ಎದೆಯ ತುಂಬು ಭಾಗದ ಸುತ್ತಳತೆಗೂ 2 ಇಂಚು ವ್ಯತ್ಯಾಸವಿದೆಯೆಂದು ಎಣಿಸಿ ಪ್ಯಾಟರ್ನ್ ಬರೆಯುತ್ತವೆ. ನಿಮ್ಮಲ್ಲಿ ಆ ವ್ಯತ್ಯಾಸ 4 ಇಂಚಿದ್ದು, ತುಂಬು ಅಳತೆಯನ್ನೇ ನೋಡಿ ಸೈಜ್ ಆರಿಸಿದರೆ ಎದೆ ಸರಿಯಾಗಿ ಕೂತು ಭುಜ, ಕತ್ತು ಎರಡೂ ದೊಡ್ಡದಾಗಿ ಜಾರತೊಡಗುತ್ತವೆ. ಅಂಥವರು ಮೇಲಿನ ಅಳತೆಗೆ ಹೊಂದುವ ಸೈಜ್ ಆರಿಸಿ ಎದೆಯ ಭಾಗದಲ್ಲಷ್ಟೇ ಅಗಲ ಹೆಚ್ಚಿಸಿಕೊಳ್ಳಬೇಕು. ಭುಜವನ್ನು ಸರಿಪಡಿಸುವುದಕ್ಕಿಂತ ಪಕ್ಕವನ್ನು ಸರಿಪಡಿಸುವುದು ಎಂದಿಗೂ ಸುಲಭ.

ಎದೆ ಒಂದು ಸೈಜಿಗೆ, ಸೀಟಿನ (ಪೃಷ್ಠದ ಸುತ್ತಲಿನ) ಅಳತೆ ಇನ್ನೊಂದು ಸೈಜಿಗೆ ಹೊಂದುತ್ತದೆ. ಏನು ಮಾಡಲಿ?

ಇದು ದೋಷವಲ್ಲ, ಬಹುಪಾಲು ಜನರ ಮೈಕಟ್ಟೇ ಹಾಗೆ. ಹಲವು ಸೈಜುಗಳ ಗೆರೆಗಳು ಒಂದೇ ಹಾಳೆಯಲ್ಲಿರುವ ಪ್ಯಾಟರ್ನ್ ಆಗಿದ್ದರೆ ಕಂಕುಳಿನಡಿ ಒಂದು ಗೆರೆಯಿಂದ ಹೊರಟು ಸೀಟಿನ ಹೊತ್ತಿಗೆ ಇನ್ನೊಂದು ಗೆರೆಯನ್ನು ಸೇರುವಂತೆ ಮೆಲ್ಲನೆ ಬಾಗಿಸಿ ಹೊಸ ಗೆರೆ ಎಳೆದರೆ ಸಾಕು.

ಒಂದೇ ಸೈಜಿನ ಪ್ಯಾಟರ್ನ್ ಆಗಿದ್ದರೆ ನೀವೇ ಸೇರಿಸಬೇಕಾಗುತ್ತದೆ, ಹೊಸಬರ ಲೆಕ್ಕ ಜಾರುವ ಜಾಗ ಇದೇ. ಮುಂಭಾಗದ ಕಾಗದ ಅರ್ಧ ಎದೆಯದು, ಹಿಂಭಾಗದ್ದೂ ಅರ್ಧ ಬೆನ್ನಿನದು. ಹೀಗಾಗಿ ಒಂದು ಕಾಗದವೆಂದರೆ ಇಡೀ ಸುತ್ತಳತೆಯ ಕಾಲುಭಾಗ. ಸುತ್ತಳತೆ 1 ಇಂಚು ಹೆಚ್ಚಬೇಕಿದ್ದರೆ ಪ್ರತಿ ಕಾಗದದ ಪಕ್ಕಕ್ಕೆ ಕಾಲು ಇಂಚು ಸೇರಿಸಬೇಕು. ಎರಡಕ್ಕೂ ಒಂದೊಂದು ಇಂಚು ಸೇರಿಸಿದರೆ ಕುರ್ತಾ 4 ಇಂಚು ದೊಡ್ಡದಾಗುತ್ತದೆ. ಕಂಕುಳಿನ ಮಟ್ಟದಲ್ಲಿ ಅಗಲ ಹೆಚ್ಚಿಸಿದಾಗ ಆರ್ಮ್‌ಹೋಲ್ ಕೂಡ ಅಷ್ಟು ಹಿರಿದಾಗುವುದರಿಂದ ತೋಳಿನ ಎರಡೂ ಬದಿಗೆ ಅಷ್ಟೇ ಅಗಲ ಕೊಡಬೇಕು, ಇಲ್ಲವಾದರೆ ಜೋಡಿಸುವಾಗ ತೋಳು ಸಾಲದೆ ಬರುತ್ತದೆ.

ಇಂಟರ್ನೆಟ್‌ನಲ್ಲಿ ಕೊಂಡ ಪ್ಯಾಟರ್ನನ್ನು ಪ್ರಿಂಟ್ ಮಾಡಿಸಿದೆ, ಅಳತೆ ಹೊಂದುತ್ತಿಲ್ಲ. ಏಕೆ?

ಜೆರಾಕ್ಸ್ ಅಂಗಡಿಯ ಕಂಪ್ಯೂಟರು ಹಾಳೆಯ ಅಂಚಿನೊಳಗೆ ಚಿತ್ರ ಪೂರ್ತಿ ಕೂರಲೆಂದು ಅದನ್ನು ತಾನಾಗಿಯೇ ಕಿರಿದಾಗಿಸಿರುತ್ತದೆ. ಪ್ರಿಂಟ್ ಕೊಡುವ ಮೊದಲು ಅಳತೆ ನೂರಕ್ಕೆ ನೂರು ಇರಬೇಕೆಂದು ಹೇಳಬೇಕು. ನೂರಕ್ಕೆ 97 ಆದರೂ 40 ಇಂಚು ಇರಬೇಕಾದ ಎದೆ 38.8 ಇಂಚಾಗಿ, ಸಡಿಲದಲ್ಲಿ ಒಂದು ಇಂಚಿಗಿಂತ ಹೆಚ್ಚು ಕಳೆದುಹೋಗುತ್ತದೆ. ಇಂಥ ಪ್ಯಾಟರ್ನ್‌ಗಳಲ್ಲಿ ಪರೀಕ್ಷೆಗೆಂದೇ ಒಂದು ಚೌಕ ಇರುತ್ತದೆ. ಆ ಒಂದು ಹಾಳೆಯನ್ನಷ್ಟೇ ಮೊದಲು ಪ್ರಿಂಟ್ ಮಾಡಿಸಿ ಚೌಕದ ಎರಡೂ ಬದಿಗಳನ್ನು ಅಳೆದು ನೋಡಿದ ಮೇಲೆ ಉಳಿದವನ್ನು ತೆಗೆಸಬೇಕು. ಹತ್ತಾರು ಎ4 ಹಾಳೆಗಳನ್ನು ಅಂಟಿಸುವ ತಾಳ್ಮೆ ಇಲ್ಲದವರು ಕಟ್ಟಡದ ನಕ್ಷೆಗಳನ್ನು ಪ್ರಿಂಟ್ ಮಾಡುವ ಅಂಗಡಿಗೆ ಹೋಗಿ ಎ0 ಹಾಳೆಯಲ್ಲಿ ತೆಗೆಸಬಹುದು. ಆ ಹಾಳೆಯ ಅಳತೆ 841×1189 ಮಿಲಿಮೀಟರ್.

ಯಾವ ಬಟ್ಟೆ ತೆಗೆದುಕೊಳ್ಳಬೇಕು, ಎಷ್ಟು ಮೀಟರ್?

ಮೊದಲ ಕುರ್ತಾಕ್ಕೆ ಕೇಂಬ್ರಿಕ್ ಅಥವಾ ಮಧ್ಯಮ ದಪ್ಪದ ಕೈಮಗ್ಗದ ಹತ್ತಿಬಟ್ಟೆ ಸೂಕ್ತ. ಅದು ಕತ್ತರಿಯ ಕೆಳಗೆ ಜಾರುವುದಿಲ್ಲ, ಇಸ್ತ್ರಿಗೆ ಮಣಿಯುತ್ತದೆ, ಬಿಚ್ಚಿ ಮತ್ತೆ ಹೊಲಿದರೂ ತೂತು ಉಳಿಯುವುದಿಲ್ಲ. ಜಾರ್ಜೆಟ್, ಶಿಫಾನ್, ಸ್ಯಾಟಿನ್ ಅಂಗಡಿಯ ದೀಪದ ಕೆಳಗೆ ಎಷ್ಟೇ ಚೆನ್ನಾಗಿ ಕಂಡರೂ ಸದ್ಯಕ್ಕೆ ಮುಟ್ಟಬಾರದು. ಚೌಕಳಿ ಮತ್ತು ಅಡ್ಡಪಟ್ಟೆಗಳೂ ಬೇಡ. ಪಕ್ಕದ ಹೊಲಿಗೆಯಲ್ಲಿ ಪಟ್ಟೆಗೆ ಪಟ್ಟೆ ಹೊಂದಿಸುವುದು ಬೇರೆಯೇ ವಿದ್ಯೆ.

ಪ್ರಮಾಣವನ್ನು ಬಟ್ಟೆಯ ಅಗಲ ತೀರ್ಮಾನಿಸುತ್ತದೆ. ವಿದೇಶಿ ಪ್ಯಾಟರ್ನ್‌ಗಳು ಸಾಮಾನ್ಯವಾಗಿ 45 ಇಂಚು ಮತ್ತು 60 ಇಂಚು ಅಗಲಕ್ಕೆ ಲೆಕ್ಕ ಕೊಟ್ಟಿರುತ್ತವೆ, ಅದೂ ಗಜದಲ್ಲಿ; ಒಂದು ಗಜ ಎಂದರೆ 36 ಇಂಚು, ಒಂದು ಮೀಟರ್ ಎಂದರೆ 39 ಇಂಚು ಚಿಲ್ಲರೆ. ಚಿಕ್ಕಪೇಟೆಯಲ್ಲಾಗಲಿ ನಿಮ್ಮೂರಿನ ಖಾದಿ ಭಂಡಾರದಲ್ಲಾಗಲಿ ಕೈಯಲ್ಲಿರುವ ಥಾನಿನ ಅಗಲವನ್ನು ಅಳೆಸಿಕೊಳ್ಳದೆ ಮೀಟರ್ ಹೇಳಬಾರದು, ಏಕೆಂದರೆ ಖಾದಿ ಮತ್ತು ಕೈಮಗ್ಗದ ಬಟ್ಟೆಗಳಲ್ಲಿ 36 ಇಂಚಿನ ಅಗಲವೂ ಉಂಟು. 44 ಇಂಚು ಅಗಲದ ಬಟ್ಟೆಯಲ್ಲಿ 40 ಇಂಚು ಉದ್ದದ ಕುರ್ತಾಕ್ಕೆ ಮುಂದೆ ಹಿಂದೆ ಸೇರಿ 80 ಇಂಚು, ಭುಜ ಮತ್ತು ಅಂಚಿನ ಮಡಿಕೆಗೆ ಐದಾರು ಇಂಚು, ತೋಳಿಗೆ ಹದಿನಾಲ್ಕು ಹದಿನೈದು ಇಂಚು ಎಂದು ಹಿಡಿದರೆ ಒಟ್ಟು ಎರಡೂವರೆ ಮೀಟರಿನ ಆಸುಪಾಸಿಗೆ ಬರುತ್ತದೆ. ಹೂಗಳೆಲ್ಲ ಒಂದೇ ದಿಕ್ಕಿಗೆ ತಲೆಯೆತ್ತಿರುವ ಪ್ರಿಂಟ್ ಆಗಿದ್ದರೆ ತುಂಡುಗಳನ್ನು ತಲೆಕೆಳಗಾಗಿ ಇಟ್ಟು ಉಳಿತಾಯ ಮಾಡಲಾಗದು, ಆದ್ದರಿಂದ ಇನ್ನಷ್ಟು ಬೇಕಾಗುತ್ತದೆ.

ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲು ಒಗೆಯಲೇಬೇಕೇ?

ಹೌದು. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಮುಖ್ಯವಾಗಿ ಉದ್ದದಲ್ಲಿ. ಹೊಲಿದ ಮೇಲೆ ಹೇಗೆ ಒಗೆಯುತ್ತೀರೋ ಈಗಲೂ ಹಾಗೆಯೇ ಒಗೆದು, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಹಾಕಿಕೊಳ್ಳಬೇಕು. ಲೈನಿಂಗ್ ಬಟ್ಟೆಯಿದ್ದರೆ ಅದಕ್ಕೂ ಇದೇ ನಿಯಮ. ಬಣ್ಣ ಬಿಡುವ ಬಟ್ಟೆ ಯಾವುದೆಂಬುದೂ ಆಗಲೇ ತಿಳಿಯುತ್ತದೆ.

ಪ್ರತಿ ತುಂಡಿನ ಮೇಲೂ ಉದ್ದಕ್ಕೆ ಒಂದು ಬಾಣ ಇದೆ. ಅದನ್ನು ಪಾಲಿಸದಿದ್ದರೆ ಏನಾಗುತ್ತದೆ?

ಆ ಬಾಣ ಹಾಸಿನ ಎಳೆಗಳ, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆಗಳ ದಿಕ್ಕನ್ನು ತೋರಿಸುತ್ತದೆ. ಮಗ್ಗದಲ್ಲಿ ಬಿಗಿದು ಕಟ್ಟಿದ ಹಾಸಿನ ಎಳೆ ಎಳೆದರೂ ಹೆಚ್ಚು ಹಿಗ್ಗುವುದಿಲ್ಲ, ಅಡ್ಡಲಾಗಿ ಓಡುವ ಹೊಕ್ಕಿನ ಎಳೆ ತುಸು ಹಿಗ್ಗುತ್ತದೆ, ಎರಡಕ್ಕೂ 45 ಡಿಗ್ರಿ ಓರೆಯಾಗಿ ಎಳೆದರೆ ಬಟ್ಟೆ ಎಲ್ಲಕ್ಕಿಂತ ಹೆಚ್ಚು ಹಿಗ್ಗುತ್ತದೆ. ಕತ್ತಿನ ಪೈಪಿಂಗಿಗೆ ಕ್ರಾಸ್ ಪಟ್ಟಿ ಕತ್ತರಿಸುವುದು ಈ ಗುಣದಿಂದಲೇ. ಕುರ್ತಾದ ಮುಂಭಾಗವನ್ನು ಬಟ್ಟೆ ಉಳಿಸಲೆಂದು ಸ್ವಲ್ಪ ಓರೆಯಾಗಿ ಇಟ್ಟು ಕತ್ತರಿಸಿದರೆ ಹೊಲಿದ ದಿನ ಏನೂ ಗೊತ್ತಾಗುವುದಿಲ್ಲ, ನಾಲ್ಕು ಸಲ ಒಗೆದ ಮೇಲೆ ಅಂಚು ಒಂದು ಪಕ್ಕಕ್ಕೆ ಜೋತು, ಪಕ್ಕದ ಹೊಲಿಗೆ ಕಾಲಿನ ಮುಂದಕ್ಕೆ ತಿರುಗಿಕೊಳ್ಳುತ್ತದೆ. ಬಾಣದ ಎರಡೂ ತುದಿಗಳಿಂದ ಬಟ್ಟೆಯ ಕರೆಗೆ (ಉದ್ದಕ್ಕಿರುವ ನೇಯ್ದ ಅಂಚಿಗೆ) ಇರುವ ದೂರವನ್ನು ಟೇಪಿನಿಂದ ಅಳೆಯಿರಿ. ಎರಡೂ ಸಮನಾಗಿ ಬರುವವರೆಗೆ ಕಾಗದವನ್ನು ಸರಿಸಿ, ಆಮೇಲೆ ಪಿನ್ ಮಾಡಿ. ಕಣ್ಣಳತೆಗೆ ಇಲ್ಲಿ ಅವಕಾಶವಿಲ್ಲ.

ಹತ್ತಿ ಸೀರೆಯ ಬಾರ್ಡರ್ ಕುರ್ತಾದ ಕೆಳ ಅಂಚಿಗೆ ಬರುವಂತೆ ಕತ್ತರಿಸಬಹುದೇ?

ಬಹುದು, ಅನೇಕರು ಮಾಡುತ್ತಾರೆ. ಸೀರೆಯ ಬಾರ್ಡರ್ ಹಾಸಿನ ದಿಕ್ಕಿನಲ್ಲಿ ಓಡುವುದರಿಂದ ಅದು ಕೆಳ ಅಂಚಿಗೆ ಬಂದಾಗ ಕುರ್ತಾದ ಉದ್ದ ಹೊಕ್ಕಿನ ದಿಕ್ಕಿಗೆ ಬರುತ್ತದೆ, ಅಂದರೆ ಬಾಣವನ್ನು ಕರೆಗೆ ಸಮಾನಾಂತರವಾಗಿ ಅಲ್ಲ, ನೇರ ಅಡ್ಡಲಾಗಿ ಇಡಬೇಕಾಗುತ್ತದೆ. ಗಟ್ಟಿ ನೇಯ್ಗೆಯ ಹತ್ತಿಯಲ್ಲಿ ಇದರಿಂದ ತೊಂದರೆಯಿಲ್ಲ. ಓರೆ ಮಾತ್ರ ಆಗಬಾರದು, ಮುಂದೆ ಹಿಂದೆ ಎರಡೂ ಒಂದೇ ದಿಕ್ಕಿನಲ್ಲಿರಬೇಕು. ಕುರ್ತಾದ ಉದ್ದ ಸೀರೆಯ ಅಗಲವನ್ನು ಮೀರುವಂತಿಲ್ಲ ಎಂಬುದನ್ನೂ ನೆನಪಿಡಬೇಕು. ಆದರೆ ಅಜ್ಜಿಯ ಇಳಕಲ್ ಸೀರೆಯ ಮೇಲೆ ಮೊದಲ ಕತ್ತರಿ ಹಾಕಬೇಡಿ. ಅದು ಮೂರನೆಯ ಕುರ್ತಾದ ಸರದಿಗೆ ಇರಲಿ.

ಪ್ಯಾಟರ್ನ್‌ನಲ್ಲಿ ಮಾರ್ಜಿನ್ (ಹೊಲಿಗೆಯ ಗೆರೆಯಾಚೆ ಬಿಡುವ ಬಟ್ಟೆ) ಸೇರಿದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಎಷ್ಟು ಬಿಡಬೇಕು?

ಸೂಚನೆಯ ಹಾಳೆಯನ್ನು ಮೊದಲ ಸಾಲಿನಿಂದ ಓದಬೇಕು, ಬೇರೆ ದಾರಿಯಿಲ್ಲ. ಸಿಂಪ್ಲಿಸಿಟಿ, ಬಟರಿಕ್ ಮುಂತಾದವುಗಳಲ್ಲಿ ಸಾಮಾನ್ಯವಾಗಿ 1.5 ಸೆಂಟಿಮೀಟರ್, ಅಂದರೆ ಇಂಚಿನ ಎಂಟನೆಯ ಐದು ಭಾಗ, ಒಳಗೇ ಸೇರಿರುತ್ತದೆ. ಜರ್ಮನಿಯ ಬುರ್ಡಾ ಪತ್ರಿಕೆಯ ಪ್ಯಾಟರ್ನ್ ಹಾಳೆಗಳಲ್ಲಿ ಅದು ಸೇರಿರುವುದಿಲ್ಲ, ನಕಲು ತೆಗೆದುಕೊಂಡ ಮೇಲೆ ಸುತ್ತ ನಾವೇ ಬಿಡಬೇಕು. ಸಣ್ಣ ವಿನ್ಯಾಸಕಾರರು 1 ಸೆಂಟಿಮೀಟರ್ ಇಡುವುದೂ ಉಂಟು. ಈ ವ್ಯತ್ಯಾಸವನ್ನು ಹಗುರವಾಗಿ ಕಾಣಬಾರದು: 1.5 ಸೆಂಟಿಮೀಟರಿನಲ್ಲಿ ಹೊಲಿಯಬೇಕಾದ ಪಕ್ಕದ ಹೊಲಿಗೆಯನ್ನು 1 ಸೆಂಟಿಮೀಟರಿನಲ್ಲಿ ಹೊಲಿದರೆ ಎರಡು ಪಕ್ಕಗಳ ನಾಲ್ಕು ಅಂಚುಗಳಿಂದ ಅರ್ಧರ್ಧ ಸೆಂಟಿಮೀಟರ್ ಸೇರಿ ಉಡುಪು 2 ಸೆಂಟಿಮೀಟರ್ ದೊಡ್ಡದಾಗುತ್ತದೆ.

ನಮ್ಮ ಕಡೆಯ ಅಭ್ಯಾಸ ಬೇರೆ. ಮುಂದೆ ಮೈ ತುಂಬಿಕೊಂಡರೆ ಬಿಚ್ಚಿಕೊಳ್ಳಲಿ ಎಂದು ಪಕ್ಕದಲ್ಲಿ ಒಂದು ಇಂಚೋ ಅದಕ್ಕಿಂತ ಹೆಚ್ಚೋ ಬಟ್ಟೆ ಒಳಗೆ ಬಿಡುತ್ತಾರೆ, ಹೊರಗೆಲ್ಲೂ ಇಷ್ಟು ವಿವೇಕದ ಪದ್ಧತಿಯನ್ನು ಪ್ಯಾಟರ್ನ್ ಕಂಪನಿಗಳು ಕಲಿಸುವುದಿಲ್ಲ. ಇದನ್ನು ಪಕ್ಕದ ಹೊಲಿಗೆಗೂ ತೋಳಿನ ಕೆಳಹೊಲಿಗೆಗೂ ಧಾರಾಳವಾಗಿ ಅನುಸರಿಸಬಹುದು, ಕತ್ತಿಗೆ ಮತ್ತು ಆರ್ಮ್‌ಹೋಲಿಗೆ ಅನುಸರಿಸಬಾರದು. ಬಾಗಿದ ಗೆರೆಯಲ್ಲಿ ಹೊಲಿಗೆಯ ಗೆರೆಗೂ ಕತ್ತರಿಸಿದ ಅಂಚಿಗೂ ಉದ್ದ ಬೇರೆ ಬೇರೆ. ಅಂಚು ಅಗಲವಾದಷ್ಟೂ ಒಳಗೆ ಮಡಚಿದಾಗ ಎಳೆದು ನಿಲ್ಲುತ್ತದೆ ಅಥವಾ ಗುಪ್ಪೆಯಾಗುತ್ತದೆ. ಕತ್ತಿಗೆ ಕಾಲು ಇಂಚು, ಆರ್ಮ್‌ಹೋಲಿಗೆ ಅರ್ಧ ಇಂಚು ಸಾಕು. ಹೀಗೆ ಒಂದೊಂದು ಕಡೆ ಒಂದೊಂದು ಮಾರ್ಜಿನ್ ಬಿಡುವವರು ಯಂತ್ರದ ಗುರುತನ್ನು ನಂಬದೆ, ಹೊಲಿಗೆಯ ಗೆರೆಯನ್ನೇ ಚಾಕ್‌ನಿಂದ ಬಟ್ಟೆಯ ಒಳಮೈ ಮೇಲೆ ಎಳೆದುಕೊಳ್ಳಬೇಕು.

ಹಳೆಯ ಬಟ್ಟೆಯಲ್ಲಿ ಒಮ್ಮೆ ಟ್ರಯಲ್ ಹೊಲಿಯಲೇಬೇಕೆ? ಸಮಯ ಹಾಳಲ್ಲವೇ?

ಈ ಪುಟದಲ್ಲಿ ಒಂದೇ ಒಂದು ಸಲಹೆಯನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಹಳೆಯ ಪಂಚೆ, ಹಾಸಿಗೆಯ ಹೊದಿಕೆ ಅಥವಾ ಅಗ್ಗದ ಕೋರಾ ಬಟ್ಟೆಯಲ್ಲಿ ಕತ್ತಿನ ಪಟ್ಟಿ, ಅಂಚು ಯಾವುದೂ ಇಲ್ಲದೆ ಭುಜ, ಪಕ್ಕ ಮತ್ತು ಒಂದು ತೋಳನ್ನು ಮಾತ್ರ ಉದ್ದ ಹೊಲಿಗೆಯಲ್ಲಿ ಜೋಡಿಸಿ ತೊಟ್ಟು ನೋಡಬೇಕು. ಹಿಗ್ಗುವ ಟೀಶರ್ಟ್ ಬಟ್ಟೆ ಇದಕ್ಕೆ ಬರುವುದಿಲ್ಲ. ನಿಜವಾದ ಬಟ್ಟೆಯಷ್ಟೇ ದಪ್ಪ, ಅಷ್ಟೇ ಬಿಗಿ ಇರಬೇಕು. ಕನ್ನಡಿಯ ಮುಂದೆ ನಿಂತು ನೋಡುವುದಷ್ಟೇ ಅಲ್ಲ, ಕುಳಿತು, ಕೈಯೆತ್ತಿ, ಬಗ್ಗಿ ನೋಡಬೇಕು. ಸುಕ್ಕುಗಳು ಎಲ್ಲಿಂದ ಹೊರಟು ಎಲ್ಲಿಗೆ ಎಳೆಯುತ್ತವೆ ಎಂಬುದು ತಪ್ಪಿನ ಜಾಗವನ್ನು ತೋರಿಸುತ್ತದೆ: ಎದೆಯ ತುದಿಯಿಂದ ಹೊರಟ ಸುಕ್ಕು ಅಲ್ಲಿ ಅಗಲ ಸಾಲದೆಂದೂ, ಕತ್ತಿನ ಬುಡದಿಂದ ಕಂಕುಳಿನತ್ತ ಓರೆಯಾಗಿ ಇಳಿಯುವ ಸುಕ್ಕು ನಿಮ್ಮ ಭುಜ ಪ್ಯಾಟರ್ನ್‌ಗಿಂತ ಹೆಚ್ಚು ಇಳಿಜಾರೆಂದೂ ಹೇಳುತ್ತದೆ. ಕಂಡದ್ದನ್ನು ಟ್ರಯಲ್ ಬಟ್ಟೆಯ ಮೇಲೆ ಗುರುತು ಮಾಡಿ, ಬಿಚ್ಚಿ, ಬದಲಾವಣೆಯನ್ನು ಕಾಗದಕ್ಕೆ ವರ್ಗಾಯಿಸಬೇಕು. ಕಾಗದ ಸರಿಹೋದ ಮೇಲೆ ಅದೇ ಕಾಗದದಿಂದ ಎಷ್ಟು ಕುರ್ತಾ ಬೇಕಾದರೂ ಹೊಲಿಯಬಹುದು. ಟ್ರಯಲಿಗೆ ಕೊಟ್ಟ ಸಂಜೆ ಆಗ ದುಬಾರಿ ಎನಿಸುವುದಿಲ್ಲ.

ಮುಂಭಾಗ ಎರಡು ತುಂಡಾಗಿ ಬಂತು. ಎಲ್ಲಿ ತಪ್ಪಿತು?

‘ಕಟ್ ಆನ್ ಫೋಲ್ಡ್’ ಎಂದು ಬರೆದ ಅಂಚನ್ನು ಬಟ್ಟೆಯ ಮಡಿಕೆಯ ಮೇಲೆ ಇಡುವ ಬದಲು ಕರೆಯ ಕಡೆಗೆ ಇಟ್ಟಿದ್ದೀರಿ. ಕಾಗದದ ಆ ಅಂಚು ಮುಂಭಾಗದ ನಡುಗೆರೆ. ಅಲ್ಲಿ ಕತ್ತರಿ ಓಡಬಾರದು. ನಡುವೆ ಒಂದು ಹೊಲಿಗೆ ಹಾಕಿ ಸೇರಿಸಿಕೊಳ್ಳುವುದಾದರೆ ಅಲ್ಲಿ ಮಾರ್ಜಿನ್ ಇಲ್ಲದ್ದರಿಂದ ಕುರ್ತಾ ಬಿಗಿಯಾಗುತ್ತದೆ. ಅದರ ಬದಲು ನಡುವೆ ಒಂದೂವರೆ ಎರಡು ಇಂಚಿನ ಪಟ್ಟಿಯನ್ನು ಬೇರೆ ಬಟ್ಟೆಯಿಂದ ಕೊಟ್ಟು, ಕತ್ತಿನ ಅಗಲ ಅಷ್ಟು ಹೆಚ್ಚದಂತೆ ಭುಜದ ಬಳಿ ಹೊಂದಿಸಿಕೊಂಡರೆ ಬಟ್ಟೆ ಉಳಿಯುತ್ತದೆ.

ಅಂದಹಾಗೆ, ಅಂಚಿನಲ್ಲಿರುವ ಸಣ್ಣ ಗುರುತುಗಳನ್ನು ಅಲಂಕಾರವೆಂದು ತಿಳಿದು ಬಿಡುವವರಿದ್ದಾರೆ. ಆರ್ಮ್‌ಹೋಲ್ ಮತ್ತು ತೋಳಿನ ಮೇಲೆ ಒಂದು ಗುರುತಿದ್ದರೆ ಅದು ಮುಂಭಾಗ, ಜೋಡಿ ಗುರುತಿದ್ದರೆ ಹಿಂಭಾಗ ಎಂಬುದು ಸಾಮಾನ್ಯ ರೂಢಿ. ಕತ್ತರಿಯ ತುದಿಯಿಂದ ಎರಡು ಮೂರು ಮಿಲಿಮೀಟರಿನಷ್ಟು ಕಚ್ಚು ಕೊಟ್ಟು ಅವನ್ನು ಬಟ್ಟೆಗೆ ತರಬೇಕು.

ಯಂತ್ರಕ್ಕೆ ಯಾವ ಸೂಜಿ, ಎಷ್ಟು ಉದ್ದದ ಹೊಲಿಗೆ?

ತೆಳು ಮಲ್ ಬಟ್ಟೆಗೆ 11, ಕೇಂಬ್ರಿಕ್ ಪಾಪ್ಲಿನ್‌ಗಳಿಗೆ 12 ಅಥವಾ 14, ದಪ್ಪ ಖಾದಿಗೆ 14, ಜೀನ್ಸಿಗೆ 16 ನಂಬರಿನ ಸೂಜಿ. ಮನೆಯ ಹಳೆಯ ಯಂತ್ರದಲ್ಲಿ ಯಾವಾಗಲೋ ಹಾಕಿದ 16ನೇ ಸೂಜಿಯೇ ಉಳಿದಿರುವುದುಂಟು, ಅದು ತೆಳುಬಟ್ಟೆಯಲ್ಲಿ ತೂತು ಮಾಡುತ್ತದೆ. ಹೊಸ ಉಡುಪಿಗೆ ಹೊಸ ಸೂಜಿ ಹಾಕಿ. ಸೂಜಿಯ ಉದ್ದನೆಯ ಕಾಲುವೆ ಯಾವ ಬದಿಗಿದೆಯೋ ಆ ಬದಿಯಿಂದಲೇ ದಾರ ಪೋಣಿಸಬೇಕು. ಹೊಲಿಗೆಯ ಉದ್ದ 2.5 ಮಿಲಿಮೀಟರ್, ಅಂದರೆ ಇಂಚಿಗೆ ಸುಮಾರು ಹತ್ತು ಹೊಲಿಗೆ ಇರಲಿ. ಟ್ರಯಲಿಗೆ 4 ಮಿಲಿಮೀಟರ್ ಇಟ್ಟರೆ ಬಿಚ್ಚುವುದು ಸುಲಭ.

ಬಟ್ಟೆಯ ಕೆಳಗೆ ದಾರ ಗೂಡು ಕಟ್ಟುತ್ತದೆ. ಬಾಬಿನ್ ಕೆಟ್ಟಿದೆಯೇ?

ಕೆಳಗೆ ಕಾಣುವ ಗೂಡಿಗೆ ಬಹುತೇಕ ಕಾರಣ ಮೇಲಿನ ದಾರ. ಪ್ರೆಶರ್ ಫುಟ್ ಕೆಳಗಿಳಿದಿರುವಾಗ ದಾರ ಪೋಣಿಸಿದರೆ ಅದು ಬಿಗಿತದ ತಟ್ಟೆಗಳ ನಡುವೆ ಕೂರುವುದಿಲ್ಲ, ಸಡಿಲವಾದ ದಾರ ಕೆಳಕ್ಕೆ ಹರಿಯುತ್ತದೆ. ಫುಟ್ ಮೇಲೆತ್ತಿ ಮೊದಲಿಂದ ಪೋಣಿಸಿ, ಹೊಲಿಗೆ ಆರಂಭಿಸುವಾಗ ಎರಡೂ ದಾರಗಳ ತುದಿಯನ್ನು ಹಿಂದಕ್ಕೆ ಹಿಡಿದುಕೊಳ್ಳಿ. ಕಾಲಿನಿಂದ ತುಳಿಯುವ ಯಂತ್ರದಲ್ಲಿ ಚಕ್ರ ಹಿಂದಕ್ಕೆ ತಿರುಗಿದರೂ ದಾರ ತುಂಡಾಗಿ ಸಿಕ್ಕಾಗುತ್ತದೆ. ದಾರವಿಲ್ಲದೆ ಕಾಗದದ ಮೇಲೆ ತುಳಿದು ಅಭ್ಯಾಸ ಮಾಡಿದರೆ ಆ ಚಾಳಿ ಬಿಡುತ್ತದೆ.

ಯಾವುದನ್ನು ಮೊದಲು ಹೊಲಿಯಬೇಕು?

ಚಪ್ಪಟೆಯಾಗಿ ಹಾಸಿಟ್ಟು ಹೊಲಿಯಲು ಸಾಧ್ಯವಿರುವುದನ್ನೆಲ್ಲ ಮೊದಲು. ಭುಜಗಳನ್ನು ಸೇರಿಸಿ, ಕತ್ತಿನ ಪಟ್ಟಿ ಮುಗಿಸಿ, ಪಕ್ಕ ಇನ್ನೂ ತೆರೆದಿರುವಾಗಲೇ ತೋಳನ್ನು ಆರ್ಮ್‌ಹೋಲಿಗೆ ಜೋಡಿಸಿ, ಆಮೇಲೆ ತೋಳಿನ ತುದಿಯಿಂದ ಕಂಕುಳಿನ ಮೂಲಕ ಸ್ಲಿಟ್ ಆರಂಭವಾಗುವ ಗುರುತಿನವರೆಗೆ ಒಂದೇ ಓಟದಲ್ಲಿ ಹೊಲಿಯುವುದು ಕುರ್ತಾಕ್ಕೆ ಸುಲಭದ ಕ್ರಮ. ಕೆಲವು ಪ್ಯಾಟರ್ನ್‌ಗಳು ಪಕ್ಕ ಮುಗಿಸಿ, ತೋಳನ್ನು ಕೊಳವೆಯಂತೆ ಮಾಡಿಕೊಂಡು ಕೂರಿಸಲು ಹೇಳುತ್ತವೆ. ಭುಜದ ಮೇಲೆ ಅಚ್ಚುಕಟ್ಟಾಗಿ ಕೂರುವ ಎತ್ತರದ ಬಾಗಿನ ತೋಳಿಗೆ ಅದು ಸರಿ, ಮೊದಲ ಸಲಕ್ಕೆ ಬೇಡ.

ಕತ್ತು ದೊಡ್ಡದಾಗಿ, ಅಲೆಯಂತೆ ಎದ್ದು ನಿಲ್ಲುತ್ತದೆ. ಏಕೆ?

ದುಂಡು ಕತ್ತಿನ ಗೆರೆ ಕೆಲವು ಕಡೆ ನೇರ ಎಳೆಯ ಮೇಲೆ, ಕೆಲವು ಕಡೆ ಓರೆಯ ಮೇಲೆ ಹಾಯುತ್ತದೆ. ಓರೆ ಇರುವಲ್ಲಿ ಬಟ್ಟೆಯನ್ನು ಎತ್ತಿ ಇಳಿಸುವಾಗಲೇ ಅದು ಹಿಗ್ಗಿಬಿಡುತ್ತದೆ. ಆದ್ದರಿಂದ ಕತ್ತರಿಸಿದ ಕೂಡಲೇ, ಹೊಲಿಗೆಯ ಗೆರೆಗಿಂತ ಸ್ವಲ್ಪ ಅಂಚಿನ ಕಡೆಗೆ, ಒಂದೇ ಪದರದ ಮೇಲೆ, ಭುಜದಿಂದ ನಡುವಿನವರೆಗೆ ಒಂದು ಹೊಲಿಗೆ, ಇನ್ನೊಂದು ಭುಜದಿಂದ ಮತ್ತೆ ನಡುವಿನವರೆಗೆ ಒಂದು ಹೊಲಿಗೆ ಹಾಕಿ ಅದನ್ನು ಹಿಡಿದಿಡಬೇಕು. ಪಟ್ಟಿಯನ್ನು ಜೋಡಿಸಿದ ಮೇಲೆ ಅರ್ಧ ಇಂಚಿಗೊಂದರಂತೆ ಹೊಲಿಗೆಯನ್ನು ಮುಟ್ಟದ ಹಾಗೆ ಕಚ್ಚು ಕೊಟ್ಟು, ಮಾರ್ಜಿನನ್ನು ಪಟ್ಟಿಯ ಕಡೆಗೆ ತಿರುಗಿಸಿ ಪಟ್ಟಿಯ ಮೇಲೆ ಇನ್ನೊಂದು ಸಾಲು ಹೊಲಿದರೆ ಪಟ್ಟಿ ಹೊರಗೆ ಇಣುಕುವುದಿಲ್ಲ. ಗುಂಡಿಯೋ ಸೀಳೋ ಇಲ್ಲದ ಕತ್ತಾಗಿದ್ದರೆ ಒಂದು ಮುನ್ನೆಚ್ಚರಿಕೆ ಬೇಕು: ಮಾರ್ಜಿನ್ ಬಿಟ್ಟು ಕತ್ತಿನ ಗೆರೆಯ ಪೂರ್ತಿ ಸುತ್ತಳತೆಯನ್ನು ಕಾಗದದ ಮೇಲೆ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಅಳೆದು, ತಲೆಯ ಸುತ್ತಳತೆಗಿಂತ ಅದು ಹೆಚ್ಚಿದೆಯೆಂದು ಖಚಿತಪಡಿಸಿಕೊಳ್ಳಿ. ಹಿಗ್ಗದ ಬಟ್ಟೆ ತಲೆಗೆ ರಿಯಾಯಿತಿ ಕೊಡುವುದಿಲ್ಲ.

ತೋಳು ಆರ್ಮ್‌ಹೋಲಿಗಿಂತ ಉದ್ದವಾಗಿದೆ. ಮಿಕ್ಕಿದ್ದನ್ನು ಕತ್ತರಿಸಲೇ?

ಕತ್ತರಿಸಬೇಡಿ. ಭುಜದ ದುಂಡನ್ನು ಆವರಿಸಲೆಂದು ತೋಳಿನ ಮೇಲಂಚನ್ನು ಬೇಕೆಂದೇ ಒಂದೆರಡು ಸೆಂಟಿಮೀಟರ್ ಉದ್ದವಾಗಿ ಬರೆದಿರುತ್ತಾರೆ. ಮೊದಲು ಎರಡೂ ತುದಿ, ಭುಜದ ನಡುಗುರುತು, ಕಚ್ಚುಗಳು, ಇಷ್ಟನ್ನು ಹೊಂದಿಸಿ ಪಿನ್ ಮಾಡಿ. ಮಿಕ್ಕ ಉದ್ದವನ್ನು ಕಚ್ಚುಗಳ ನಡುವಿನ ಮೇಲ್ಭಾಗದಲ್ಲಿ ಮಾತ್ರ, ನೆರಿಗೆ ಬೀಳದಂತೆ ಹಂಚಬೇಕು. ತೋಳು ಕೆಳಗಿರುವಂತೆ ಇಟ್ಟು ಹೊಲಿದರೆ ಯಂತ್ರದ ಹಲ್ಲುಗಳು ಕೆಳಪದರವನ್ನು ತುಸು ಹೆಚ್ಚು ಎಳೆದುಕೊಳ್ಳುವುದರಿಂದ ಆ ಹೆಚ್ಚುವರಿ ತಾನಾಗಿ ಒಳಗೆ ಸೇರುತ್ತದೆ. ಎರಡೂ ತೋಳುಗಳನ್ನು ಒಂದೇ ಕೈಗೆ ಕತ್ತರಿಸಿಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಬಟ್ಟೆಯನ್ನು ಮಡಚಿ ಎರಡು ಪದರದಲ್ಲಿ ಒಟ್ಟಿಗೆ ಕತ್ತರಿಸಿದರೆ ಎಡಬಲ ತಾನೇ ಬರುತ್ತದೆ.

ಕೈ ಎತ್ತಿದರೆ ಇಡೀ ಕುರ್ತಾ ಮೇಲೆ ಬರುತ್ತದೆ. ಆರ್ಮ್‌ಹೋಲ್ ಇನ್ನೂ ಆಳ ಮಾಡಲೇ?

ಎಲ್ಲರಿಗೂ ಹಾಗೆಯೇ ತೋಚುತ್ತದೆ, ಮಾಡಬೇಕಾದದ್ದು ಅದಕ್ಕೆ ವಿರುದ್ಧ. ಆರ್ಮ್‌ಹೋಲ್ ಕಂಕುಳಿನಿಂದ ಕೆಳಗಿಳಿದಷ್ಟೂ ಕೈ ಎತ್ತಿದಾಗ ತೋಳು ಪಕ್ಕದ ಬಟ್ಟೆಯನ್ನು ಜೊತೆಗೇ ಎಳೆದೊಯ್ಯುತ್ತದೆ. ಮುಂದಿನ ಕುರ್ತಾದ ಕಾಗದದಲ್ಲಿ ಕಂಕುಳಿನ ಮೂಲೆಯನ್ನು ಅರ್ಧ ಇಂಚು ಮೇಲೇರಿಸಿ, ತೋಳಿನ ಮೂಲೆಯನ್ನೂ ಅಷ್ಟೇ ಏರಿಸಿ ನೋಡಿ. ಚುಚ್ಚುವಷ್ಟು ಬಿಗಿಯಿದ್ದರೆ ಮಾತ್ರ ಇಳಿಸುವ ಮಾತು.

ಪ್ರತಿ ಹೊಲಿಗೆಗೂ ಇಸ್ತ್ರಿ ಬೇಕೆ? ಕೊನೆಗೊಮ್ಮೆ ಹಾಕಿದರೆ ಆಗದೆ?

ಆಗದು. ಒಂದು ಹೊಲಿಗೆಯನ್ನು ಇನ್ನೊಂದು ಹೊಲಿಗೆ ದಾಟುವ ಮೊದಲು ಅದನ್ನು ಬಿಡಿಸಿ ಒತ್ತಬೇಕು, ಆಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಅಲ್ಲಿಗೆ ಹೋಗುವುದಿಲ್ಲ. ಅತ್ತಿತ್ತ ಉಜ್ಜದೆ ಎತ್ತಿ ಎತ್ತಿ ಇಡಬೇಕು, ಉಜ್ಜಿದರೆ ಓರೆ ಅಂಚುಗಳು ಹಿಗ್ಗುತ್ತವೆ. ಮನೆಯಲ್ಲಿ ಹೊಲಿದದ್ದು ಹಾಗೆಂದು ಗೊತ್ತಾಗುವುದು ಬಹುಮಟ್ಟಿಗೆ ಹೊಲಿಗೆಯಿಂದಲ್ಲ, ಇಸ್ತ್ರಿ ಇಲ್ಲದಿರುವುದರಿಂದ.

ಓವರ್‌ಲಾಕ್ ಯಂತ್ರವಿಲ್ಲ. ಒಳಗಿನ ಅಂಚು ಬಿಟ್ಟುಕೊಳ್ಳದಂತೆ ಏನು ಮಾಡಬೇಕು?

ಹತ್ತಿರದ ಟೈಲರ್ ಅಂಗಡಿಯಲ್ಲಿ ಸ್ವಲ್ಪ ಹಣಕ್ಕೆ ಓವರ್‌ಲಾಕ್ ಹಾಕಿಕೊಡುತ್ತಾರೆ. ಆದರೆ ಆ ಯಂತ್ರಕ್ಕೆ ಅಂಚು ಕತ್ತರಿಸುವ ಅಲಗಿರುವುದರಿಂದ, ಒಳಗೆ ಬಿಟ್ಟ ಬಟ್ಟೆಯನ್ನು ಕತ್ತರಿಸದೆ ಅಂಚಿಗಷ್ಟೇ ಹಾಕಲು ಹೇಳಿ. ತೆಳುಬಟ್ಟೆಗೆ ಫ್ರೆಂಚ್ ಹೊಲಿಗೆ ಚೆನ್ನ: ಒಳಮೈಗಳನ್ನು ಸೇರಿಸಿ ಅಂಚಿನಿಂದ 6 ಮಿಲಿಮೀಟರಿನಲ್ಲಿ ಹೊಲಿದು, 3 ಮಿಲಿಮೀಟರಿಗೆ ಕತ್ತರಿಸಿ, ತಿರುಗಿಸಿ ಒತ್ತಿ, ಹೊರಮೈಗಳು ಕೂಡುವಂತೆ 9 ಮಿಲಿಮೀಟರಿನಲ್ಲಿ ಮತ್ತೆ ಹೊಲಿದರೆ ಹಸಿ ಅಂಚು ಒಳಗೆ ಸೇರಿಹೋಗುತ್ತದೆ, 1.5 ಸೆಂಟಿಮೀಟರಿನ ಮಾರ್ಜಿನ್ ಕೂಡ ಸರಿಯಾಗಿ ತೀರುತ್ತದೆ. ಮುಂದೆ ಬಿಚ್ಚಿಕೊಳ್ಳಲು ಬಟ್ಟೆ ಬಿಡಬೇಕೆನ್ನುವವರಿಗೆ ಇದು ಹೊಂದುವುದಿಲ್ಲ.

ಸ್ಲಿಟ್ ಮತ್ತು ಕೆಳ ಅಂಚನ್ನು ಯಾವಾಗ ಮಡಚಬೇಕು?

ಕುರ್ತಾವನ್ನು ಒಂದು ರಾತ್ರಿ ಹ್ಯಾಂಗರಿನಲ್ಲಿ ತೂಗುಹಾಕಿ, ಬಟ್ಟೆ ಎಷ್ಟು ಇಳಿಯುತ್ತದೋ ಅಷ್ಟು ಇಳಿದ ಮೇಲೆ. ತೊಟ್ಟು ನಿಂತು, ಇನ್ನೊಬ್ಬರಿಂದ ನೆಲದಿಂದ ಅಂಚಿನವರೆಗಿನ ಎತ್ತರವನ್ನು ಸುತ್ತಲೂ ಅಳೆಸಿ ಗುರುತು ಮಾಡಿಸಬೇಕು, ಏಕೆಂದರೆ ಹಾಸಿದಾಗ ಸಮನಾಗಿ ಕಂಡದ್ದು ಮೈಮೇಲೆ ಸಮನಾಗಿರಬೇಕೆಂದಿಲ್ಲ. ಸ್ಲಿಟ್‌ನ ಪಕ್ಕಗಳನ್ನು ಮೊದಲು ಮಡಚಿ, ಕೆಳ ಅಂಚನ್ನು ಕೊನೆಗೆ ಮಡಚಿದರೆ ಮೂಲೆ ಒಳಗೆ ಸೇರುತ್ತದೆ. ಸ್ಲಿಟ್ ಆರಂಭವಾಗುವ ತುದಿ ಕುಳಿತೇಳುವಾಗ ಹೆಚ್ಚು ಎಳೆತ ತಿನ್ನುವ ಜಾಗವಾದ್ದರಿಂದ, ಅಲ್ಲಿ ಒಳಗಡೆ ಸಣ್ಣದೊಂದು ಚೌಕ ಬಟ್ಟೆಯಿಟ್ಟು ಅಡ್ಡಲಾಗಿ ಮೂರು ನಾಲ್ಕು ಸಲ ಹಿಂದೆ ಮುಂದೆ ಹೊಲಿದು ಗಟ್ಟಿಮಾಡಬೇಕು.